ಬೀಗರು ಕೊಟ್ಟ ಹಾಸಿಗೆ

ಮೊನ್ನೆ ನಂಜನಗೂಡಿನ ಬಸ್ ನಿಲ್ದಾಣದಲ್ಲಿ ಆರೋಗ್ಯ ಇಲಾಖೆಗೆ ಹೊಸದಾಗಿ ಸೇರಿದ ಹುಡುಗಿಯೊಬ್ಬಳು ಸಿಕ್ಕಿದಳು. ನಾನು ಹಳೆಯ ನರ್ಸಮ್ಮ ಎಂದು ಯಾರೋ ಹೇಳಿದ್ದರಂತೆ. ಪಕ್ಕದಲ್ಲಿ ಕುಳಿತು, "ಮೇಡಂ, ನಿಮ್ಮ ಸರ್ವೀಸಲ್ಲಿ ಜಾಸ್ತಿ ಕಷ್ಟ ಕೊಟ್ಟ ಕೇಸು ಯಾವುದು?" ಎಂದು ಕೇಳಿದಳು. ಹೆರಿಗೆಯದೋ, ಹಾವು ಕಚ್ಚಿದ್ದೋ, ಕೊರೊನಾ ಕಾಲದ್ದೋ ಒಂದು ಮೈ ಜುಮ್ಮೆನ್ನಿಸುವ ಕಥೆ ಬರುತ್ತದೆಂದು ಕಾದಿದ್ದಳು. ನಾನು "ಸೀನು" ಎಂದೆ. ಹುಡುಗಿಯ ಮುಖ ಸಪ್ಪಗಾಯಿತು. ಅಷ್ಟರಲ್ಲಿ ಅವಳ ಬಸ್ಸು ಬಂತು. ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಅವಳಿಗೂ ಅವಳ ಜೊತೆಯವರಿಗೂ ಉಪಯೋಗವಾದರೆ ಆಗಲಿ.

ನಾನು ಕೆಲಸ ಮಾಡಿದ್ದು ಹೆಚ್ಚಾಗಿ ಬಿಳಿಗೆರೆ ಕಡೆಯ ಹಳ್ಳಿಗಳಲ್ಲಿ, ಕೊನೆಗೆ ಕೆಲವು ವರ್ಷ ತಿ. ನರಸೀಪುರದ ಕಡೆ. ಲಸಿಕೆ ಹಾಕುವುದು, ಬಸುರಿಯರನ್ನು ನೋಡುವುದು, ಮನೆಮನೆ ತಿರುಗುವುದು ಆರೋಗ್ಯ ಸಹಾಯಕಿಯ ಕೆಲಸ. ಬಡ್ತಿ, ವರ್ಗಾವಣೆಗಳ ವಿಷಯ ಬಿಡಿ, ಅದನ್ನು ಬರೆಯಲು ಕುಳಿತರೆ ನನಗೇ ಆಕಳಿಕೆ ಬರುತ್ತದೆ. ಮಲೇರಿಯಾಕ್ಕೆ ಬ್ಯಾನರ್ ಇತ್ತು, ಕ್ಷಯಕ್ಕೆ ಜಾಥಾ ಇತ್ತು. ಮನೆಯ ಧೂಳಿನಿಂದ ಬರುವ ಅಲರ್ಜಿಗೆ ಏನೂ ಇರಲಿಲ್ಲ. ಅದನ್ನು ಯಾರೂ ಕಾಯಿಲೆ ಎಂದೇ ಎಣಿಸುತ್ತಿರಲಿಲ್ಲ. "ಇವ್ನಿಗೆ ಉಟ್ಟಾಗ್ಲಿಂದ್ಲೂ ಶೀತ ಕಣವ್ವ" ಎಂದು ತಾಯಿ ಮಗನ ಮೂಗನ್ನು ಸೆರಗಿನಲ್ಲಿ ಒರೆಸಿ ಮುಂದಿನ ಮಾತಿಗೆ ಹೋಗುತ್ತಿದ್ದಳು. ಕ್ಷೌರಕ್ಕೆ ಕೂತರೂ ಸೀನು, ಮಗ್ಗಿ ಹೇಳಿದರೂ ಸೀನು. ಆ ಹುಡುಗನಿಗೆ ಒಂದು ದಿನವೂ ಜ್ವರ ಬಂದಿರುತ್ತಿರಲಿಲ್ಲ, ಅದನ್ನು ಮಾತ್ರ ಯಾರೂ ಗಮನಿಸುತ್ತಿರಲಿಲ್ಲ.

ಮೊದಮೊದಲು ನಾನೂ ಗಮನಿಸಲಿಲ್ಲ. ಕಾರಣ ಏನೆಂದರೆ, ನಾನು ನೋಡುತ್ತಿದ್ದ ಮನೆಗಳೆಲ್ಲ ನಾನು ನೋಡಲೆಂದೇ ಸಿದ್ಧವಾದ ಮನೆಗಳು. ನಾನು ಊರ ಬಾಗಿಲಲ್ಲಿ ಬಸ್ಸಿಳಿದರೆ ಸಾಕು, "ನರ್ಸಮ್ಮ ಬತ್ತಾವ್ರೆ" ಎಂಬ ಸುದ್ದಿ ನನಗಿಂತ ಮುಂಚೆ ಕೊನೆಯ ಮನೆ ಮುಟ್ಟುತ್ತಿತ್ತು. ಮೊಬೈಲು ಬಂದ ಮೇಲಂತೂ ನಾನು ಬಸ್ ಹತ್ತುವ ಹೊತ್ತಿಗೇ ಆಶಾ ಕಾರ್ಯಕರ್ತೆ ಶಿವಮ್ಮ ಎಲ್ಲರಿಗೂ ಫೋನು ಮಾಡಿ ಮುಗಿಸಿರುತ್ತಿದ್ದಳು. ಅಲ್ಲಿಂದ ಶುರು. ತಿಂಗಳಾನುಗಟ್ಟಲೆ ಅಲ್ಲಾಡದ ಚಾಪೆ ಕೊಡವುತ್ತಿದ್ದರು, ಜೇಡರಬಲೆ ಎಳೆಯುತ್ತಿದ್ದರು, ಒಣ ಪೊರಕೆಯಲ್ಲಿ ಮೂಲೆಮೂಲೆ ಗುಡಿಸುತ್ತಿದ್ದರು. ನಾನು ಹೊಸ್ತಿಲು ದಾಟುವ ಹೊತ್ತಿಗೆ ನೆಲ ಕನ್ನಡಿ, ಗಾಳಿ ಮಾತ್ರ ಗಿರಣಿಯೊಳಗಿನ ಗಾಳಿ. ಮನೆಮಂದಿಯೆಲ್ಲ ಸಾಲಾಗಿ ಸೀನುತ್ತ ನನಗೆ ಕಾಫಿ ಕೊಡುತ್ತಿದ್ದರು. ಇಡೀ ಊರಿಗೆ ನೆಗಡಿ ಬಂದಿದೆ ಎಂದು ನಾನು ಒಂದು ಸಲ ಡಾಕ್ಟರಿಗೆ ಫೋನು ಕೂಡ ಮಾಡಿಬಿಟ್ಟೆ. ಅವರು ಜೀಪು ಹಾಕಿಕೊಂಡು ಓಡಿ ಬಂದರು. ಡಾಕ್ಟರೇ ಬರುತ್ತಾರೆಂದು ಜನ ಇನ್ನೊಂದು ಸಲ ಗುಡಿಸಿದರು.

ಆ ಡಾಕ್ಟರು ಒಳ್ಳೆಯವರು, ಆದರೆ ಉಪದೇಶ ಜಾಸ್ತಿ. ನಮ್ಮನ್ನೆಲ್ಲ ತಮ್ಮ ಕೋಣೆಯಲ್ಲಿ ಕೂರಿಸಿ ಅಲರ್ಜಿಯ ಬಗ್ಗೆ ಪಾಠ ಮಾಡಿದ್ದು ಅವರೇ. ಹಾಸಿಗೆ, ದಿಂಬು, ಪರದೆಗಳಲ್ಲಿ ಕಣ್ಣಿಗೆ ಕಾಣದ ಧೂಳಿನ ಹುಳಗಳಿರುತ್ತವೆ, ನಮ್ಮ ಮೈಯಿಂದ ಉದುರುವ ಚರ್ಮದ ಪುಡಿ ತಿಂದು ಬದುಕುತ್ತವೆ, ಅವುಗಳ ಕಸ ಕೆಲವರ ಮೂಗಿಗೆ, ಶ್ವಾಸಕ್ಕೆ ಆಗಿ ಬರುವುದಿಲ್ಲ ಎಂದು ಬೋರ್ಡಿನ ಮೇಲೆ ಚಿತ್ರ ಬರೆದು ತೋರಿಸಿದರು. ಪಾಠ ಬಹಳ ಚೆನ್ನಾಗಿತ್ತು. ನಡುನಡುವೆ ಸಾಹೇಬರೇ ಸೀನುತ್ತಿದ್ದರು. ಅವರ ಬೆನ್ನ ಹಿಂದಿನ ಕಿಟಕಿಗೆ ಒಂದು ಹಸಿರು ಪರದೆ ಇತ್ತು. ಆಸ್ಪತ್ರೆ ಕಟ್ಟಿದಾಗ ಹಾಕಿದ್ದಿರಬೇಕು, ಮೂಲ ಬಣ್ಣ ಹಸಿರೇ ಎಂದು ಅಂಚು ನೋಡಿ ಊಹಿಸಬೇಕಿತ್ತು. ಫ್ಯಾನು ತಿರುಗಿದಾಗಲೆಲ್ಲ ಅದು ಅವರ ತಲೆಯ ಮೇಲೆ ಅಕ್ಷತೆ ಹಾಕುತ್ತಿತ್ತು. ಹೇಳುವ ಧೈರ್ಯ ನಮಗ್ಯಾರಿಗೂ ಬರಲಿಲ್ಲ. ಮೇಲಧಿಕಾರಿಯ ಪರದೆಯ ವಿಚಾರ ಕೈಕೆಳಗಿನವರು ಎತ್ತಬಾರದು ಎಂದು ಹಿರಿಯ ಫಾರ್ಮಸಿಸ್ಟರು ಕಣ್ಣಲ್ಲೇ ಹೇಳಿದರು. ಕಡೆಗೊಂದು ದಿನ ಆಸ್ಪತ್ರೆ ಗುಡಿಸುವ ಆಯಮ್ಮ ಯಾರನ್ನೂ ಕೇಳದೆ ಅದನ್ನು ಬಿಚ್ಚಿ ಬಿಸಿನೀರಿಗೆ ಹಾಕಿದಳು. ಪರದೆ ನೀರಲ್ಲೇ ಕರಗಿಹೋಯಿತು. ಡಾಕ್ಟರ ಸೀನೂ ಹೋಯಿತು. ಅವರು ಅದನ್ನು ತಾವು ನುಂಗುತ್ತಿದ್ದ ಹೊಸ ಮಾತ್ರೆಯ ಗುಣ ಎಂದೇ ಕೊನೆಯವರೆಗೂ ನಂಬಿದ್ದರು.

ಆ ಪಾಠವನ್ನು ನಾನು ಊರಿನಲ್ಲಿ ಹೇಳಹೋದೆ. ಅಂಗನವಾಡಿಯಲ್ಲಿ ಸಭೆ ಸೇರಿಸಿ, ಕಣ್ಣಿಗೆ ಕಾಣದ ಹುಳದ ಕಥೆ ಶುರು ಮಾಡಿದರೆ, ಹಿಂದಿನಿಂದ ಒಬ್ಬ ಮುದುಕ ಕೇಳಿದ, "ಕಾಣ್ದೇ ಇರೋದ ನೀವ್ ಎಂಗವ್ವ ನೋಡುದ್ರಿ?"

"ಡಾಕ್ಟ್ರು ಯಂತ್ರದಲ್ಲಿ ನೋಡಿದ್ದಾರೆ ಅಜ್ಜ."

"ಅಂಗಾರೆ ಅವು ಡಾಕ್ಟ್ರು ಮನೆ ಉಳ ಬುಡಿ."

ಆ ಸಭೆಯಿಂದ ಆದ ಮೊದಲ ಪರಿಣಾಮ, ಊರಿನ ಗಂಡಸರಿಗೆಲ್ಲ ಒಟ್ಟಿಗೆ ಅಲರ್ಜಿ ಬಂದದ್ದು. ಸಿದ್ದಪ್ಪ ಎಂಬುವನಿಗೆ ಹೆಂಡತಿ ಅಟ್ಟದಿಂದ ತೆಂಗಿನಕಾಯಿ ಇಳಿಸು ಎಂದರೆ ಸೀನು, ಕೊಟ್ಟಿಗೆ ಗುಡಿಸು ಎಂದರೆ ಕೆಮ್ಮು. "ನರ್ಸಮ್ಮನೇ ಏಳವ್ರೆ, ದೂಳು ನಂಗಾಗಾಕಿಲ್ಲ" ಎಂದು ಜಗುಲಿ ಹಿಡಿದು ಕೂತ. ಅವನ ಹೆಂಡತಿ ನನ್ನ ಮಾತನ್ನು ಅವನಿಗಿಂತ ಪೂರ್ತಿಯಾಗಿ ಕೇಳಿಸಿಕೊಂಡಿದ್ದಳು. "ಒದ್ದೆ ಬಟ್ಟೇಲಿ ಒರ್ಸುದ್ರೆ ದೂಳು ಏಳಾಕಿಲ್ಲ ಅಂತಾನೂ ನರ್ಸಮ್ಮನೇ ಏಳವ್ರೆ" ಎಂದು ಕೈಗೆ ಒದ್ದೆ ಬಟ್ಟೆ ಕೊಟ್ಟಳು. ಸಿದ್ದಪ್ಪನ ಅಲರ್ಜಿ ಆ ವಾರವೇ ವಾಸಿಯಾಯಿತು.

ನಗು ಬಿಟ್ಟು ಹೇಳುತ್ತೇನೆ, ಈ ಅಲರ್ಜಿಯನ್ನು ಗುರುತಿಸಲು ಕಣ್ಣಿಗಿಂತ ಕಿವಿ ಮೇಲು ಎಂದು ನನಗೆ ಗೊತ್ತಾದದ್ದು ಆಮೇಲೆ. ಬೆಳಗಿನ ಮೊದಲ ಬಸ್ಸಿಗೆ ಹೋಗಿ, ಶಿವಮ್ಮನಿಗೂ ಹೇಳದೆ ಯಾರದಾದರೂ ಜಗುಲಿಯ ಮೇಲೆ ಸುಮ್ಮನೆ ಕೂರುತ್ತಿದ್ದೆ. ಜನ ಏಳುವ ಹೊತ್ತು. ಯಾವ ಮನೆಯಲ್ಲಿ ಹಾಸಿಗೆ ಸುತ್ತುವಾಗ ಒಂದರ ಹಿಂದೆ ಒಂದು ಸೀನು ಬರುತ್ತದೆ, ಯಾವ ಮಗು ಎದ್ದ ಕೂಡಲೇ ಮೂಗನ್ನು ಅಂಗೈಯಿಂದ ಮೇಲಕ್ಕೆ ಉಜ್ಜಿಕೊಳ್ಳುತ್ತದೆ, ಯಾರ ಎದೆಯಲ್ಲಿ ಸಿಳ್ಳೆ ಹಾಕಿದ ಹಾಗೆ ಸದ್ದು ಬರುತ್ತದೆ ಎಂದು ಕೇಳಿಸಿಕೊಳ್ಳುತ್ತಿದ್ದೆ. ನೆಗಡಿಯಾದರೆ ಕೆಲವು ದಿನಕ್ಕೆ ಹೋಗುತ್ತದೆ, ಮೈ ಬೆಚ್ಚಗಾಗಬಹುದು. ಇದು ಜ್ವರ ತರುವುದಿಲ್ಲ, ಹೋಗುವುದೂ ಇಲ್ಲ. ಮೂಗು ತುರಿಸುತ್ತದೆ, ಕಣ್ಣಲ್ಲಿ ನೀರು ಬರುತ್ತದೆ, ಮನೆ ಬಿಟ್ಟು ಹೊಲಕ್ಕೆ ಹೋದರೆ ಹಗುರ, ಮನೆಗೆ ಬಂದು ಮಲಗಿದರೆ ಮತ್ತೆ ಶುರು. ಹೊಸಬರು ಇಷ್ಟು ನೆನಪಿಟ್ಟುಕೊಳ್ಳಿ: "ಏನಾಗ್ತದೆ" ಎಂದು ಕೇಳುವುದರ ಜೊತೆಗೆ "ಎಲ್ಲಿ ಆಗ್ತದೆ, ಎಲ್ಲಿ ಆಗಲ್ಲ" ಎಂದು ಕೇಳಿ. ಎದೆಯಲ್ಲಿ ಸಿಳ್ಳು ಇದ್ದರೆ ತಡಮಾಡದೆ ಡಾಕ್ಟರ ಹತ್ತಿರ ಕಳಿಸಿ. ಮಾತಾಡಲೂ ಆಗದಷ್ಟು ಉಸಿರು ಕಟ್ಟಿದರೆ ನಿಮ್ಮ ಪ್ರಶ್ನೆಗಳನ್ನೆಲ್ಲ ಬದಿಗಿಟ್ಟು ಆಂಬುಲೆನ್ಸ್ ಕರೆಯಿರಿ.

ಹೀಗೆ ಜಗುಲಿಯ ಮೇಲೆ ಕೂತಿದ್ದಾಗಲೇ ನನಗೆ ಮಂಗಳ ಸಿಕ್ಕಿದ್ದು.

ಮಂಗಳ ನರಸೀಪುರದ ಕಡೆಯಿಂದ ನಾನು ನೋಡಿಕೊಳ್ಳುತ್ತಿದ್ದ ಊರಿಗೆ ಮದುವೆಯಾಗಿ ಬಂದವಳು. ಗಂಡ ಮಹೇಶ ನಂಜನಗೂಡಿನ ಕಾರ್ಖಾನೆಯೊಂದರಲ್ಲಿ ಪಾಳಿಯ ಮೇಲೆ ಕೆಲಸ ಮಾಡುತ್ತಿದ್ದ. ಅತ್ತೆ ಕೆಂಪಮ್ಮ. ಕೆಂಪಮ್ಮನ ಮನೆ ಎಂದರೆ ಊರಿಗೇ ಮಾದರಿ, ಅಷ್ಟು ಚೊಕ್ಕಟ. ಆ ಮನೆಗೆ ಬಂದ ಹೊಸತರಲ್ಲೇ ಸೊಸೆ ಸೀನಲು ಶುರು ಮಾಡಿದಳು. ಆಮೇಲೆ ಕೆಮ್ಮು, ಉಬ್ಬಸ. ತೌರಿಗೆ ಹೋದರೆ ಸಲೀಸಾಗಿ ಉಸಿರಾಡುತ್ತಿದ್ದಳು. ವಾಪಸು ಬಂದ ಮಾರನೆಯ ದಿನ ಮತ್ತೆ ಅದೇ. ಊರಿನವರು ಸುಮ್ಮನಿರುತ್ತಾರೆಯೇ? "ತೌರಿಗೋಗಾಕೆ ಒಳ್ಳೆ ದಾರಿ ಕಲ್ತವ್ಳೆ" ಎಂದು ಆಡಿಕೊಂಡರು. ಕೆಂಪಮ್ಮನಿಗೂ ಸೊಸೆ ನಾಟಕ ಮಾಡುತ್ತಿದ್ದಾಳೆ ಎನ್ನಿಸಿತು. "ಇನ್ನೊಂದ್ ಸಲ ಗಂಟು ಕಟ್ಟುದ್ರೆ ಅಲ್ಲೇ ಇರ್ಲಿ. ಮಯೇಸುನ್ಗೆ ನಾನೇ ಏಳ್ತೀನಿ" ಎಂದು ನನ್ನೆದುರಿಗೇ ಅಂದಳು. ಹುಡುಗಿ ಬಾಗಿಲ ಸಂದಿಯಲ್ಲಿ ನಿಂತು ಕೇಳಿಸಿಕೊಳ್ಳುತ್ತಿದ್ದಳು. ಉಸಿರಿಗೂ ಕಷ್ಟ, ಸಂಸಾರಕ್ಕೂ ಕಷ್ಟ ಬಂದಿತ್ತು.

"ಕೆಂಪಮ್ಮಾರೇ, ಇದು ನಾಟಕ ಅಲ್ಲ, ಧೂಳಿಂದ ಆಗೋದು" ಎಂದೆ.

"ನಮ್ಮನೇಲಿ ದೂಳಾ?" ಕೆಂಪಮ್ಮ ಎದ್ದು ನಿಂತಳು. "ಬನ್ನಿ ನರ್ಸಮ್ಮ, ನೆಲದ್ ಮ್ಯಾಲೆ ಅನ್ನ ಬಡ್ಸ್ತೀನಿ, ಎಲೆ ಬ್ಯಾಡ, ಅಂಗೇ ಉಣ್ಣಿ!"

ನಿಜಕ್ಕೂ ಉಣ್ಣಬಹುದಿತ್ತು. ಅಷ್ಟು ತೊಳೆದ ನೆಲ. ನನಗೂ ತಲೆ ಕೆಟ್ಟಿತು. ಮಾರನೆಯ ದಿನ ಮೊದಲ ಬಸ್ಸಿಗೆ ಹೋಗಿ ಎದುರು ಮನೆಯ ಜಗುಲಿಯಲ್ಲಿ ಕೂತೆ. ಕೆಂಪಮ್ಮನ ಮನೆಯ ಒಳಕೋಣೆಯಿಂದ ಸೀನು ಕೇಳಿಸಿತು. ಅದರ ಜೊತೆಗೆ ಧಪ್, ಧಪ್ ಎಂಬ ಸದ್ದು. ಹೊಡೆಯುತ್ತಿದ್ದಾರೆಯೇ ಎಂದು ಗಾಬರಿಯಿಂದ ಒಳಗೆ ನುಗ್ಗಿದೆ. ಕೆಂಪಮ್ಮ ಕೋಲು ಹಿಡಿದು ಹಾಸಿಗೆಯನ್ನು ಬಡಿಯುತ್ತಿದ್ದಳು. ಹಾಸಿಗೆಯ ಇನ್ನೊಂದು ಕೊನೆ ಹಿಡಿದುಕೊಂಡು ಮಂಗಳ ಸೀನುತ್ತಿದ್ದಳು. ಕಿಟಕಿ ಮುಚ್ಚಿತ್ತು. ಹೆಂಚಿನ ನಡುವೆ ಇದ್ದ ಗಾಜಿನಿಂದ ಬಿದ್ದ ಬೆಳಕಿನ ಕೋಲಿನಲ್ಲಿ ಧೂಳು ಕುಣಿಯುತ್ತಿತ್ತು.

"ಇದೇನು ಕೆಂಪಮ್ಮಾರೇ, ಒಳಗೇ ಬಡೀತಿದ್ದೀರಿ? ಆಚೆ ಬಿಸಿಲಿಗೆ ಹಾಕಬಾರದಾ?"

ಕೆಂಪಮ್ಮ ಕೋಲು ಕೆಳಗಿಟ್ಟು ಮೆಲ್ಲಗೆ ಹೇಳಿದಳು, "ಬೀಗ್ರು ಕೊಟ್ಟ ಆಸ್ಗೆ ಕಣವ್ವ. ಬೀದೀಗಾಕುದ್ರೆ ನೋಡ್ದೋರು ಏನಂತಾರೆ? ಸಂಬಂದ ಅರ್ಕೊಂಡ್ರು ಅನ್ನಾಕಿಲ್ವಾ? ಅದ್ಕೇ ದಿನಾ ಒಳ್ಗೇ ಒಡ್ದು ಚೊಕ್ಕಟ ಮಾಡ್ತೀನಿ. ಸೊಸೆ ಅವ್ರವ್ವ ಕೈಯಾರೆ ಒಲ್ದ ಆಸ್ಗೆ. ನಾವು ಬೆಲೆ ಕೊಡಾಕಿಲ್ಲ ಅಂತ ಆಗ್ಬಾರ್ದು."

ನೋಡಿ, ಇಂಥ ಕಡೆ ನಮ್ಮ ಟ್ರೈನಿಂಗು ಯಾವ ಕೆಲಸಕ್ಕೂ ಬರುವುದಿಲ್ಲ. ಮಂಗಳಾಳ ತಾಯಿ ಸಾಕಮ್ಮ ಅವರ ಊರಿನಲ್ಲಿ ಹಾಸಿಗೆ ಹೊಲಿಯುವುದಕ್ಕೆ ಹೆಸರಾದವಳು. ಯಾರ ಮನೆಯ ಮದುವೆಯಾದರೂ ಹೆಣ್ಣಿಗೆ ಕೊಡುವ ಹಾಸಿಗೆ ದಿಂಬು ಅವಳ ಕೈಯಿಂದಲೇ. ಮಗಳಿಗೆ ಮಾಡುವಾಗ ಹೊಸ ಬೂರುಗದ ಅರಳೆಯ ಜೊತೆಗೆ, ತನ್ನ ತಾಯಿಯ ಹಳೆಯ ಹಾಸಿಗೆಯ ಅರಳೆಯನ್ನೂ ಅಟ್ಟದಿಂದ ಇಳಿಸಿ ತುಂಬಿದ್ದಳಂತೆ. ಅಜ್ಜಿಯ ಆಶೀರ್ವಾದ ಮೊಮ್ಮಗಳಿಗೆ ಇರಲಿ ಎಂದು. ಎಷ್ಟು ವರ್ಷದ ಅರಳೆಯೋ, ಪುಡಿಯಾಗಿ ಹೋಗಿತ್ತು. ತೌರಿನಲ್ಲಿ ಮಂಗಳ ಮಲಗುತ್ತಿದ್ದುದು ಚಾಪೆಯ ಮೇಲೆ. ಹೆಣ್ಣುಮಕ್ಕಳಿಗೆ ಹಾಸಿಗೆ ಸಿಗುವುದು ಮದುವೆಯಾದ ಮೇಲೆ ತಾನೆ?

"ಕೆಲವು ದಿನ ಇವಳನ್ನ ನಡುಮನೇಲಿ ಚಾಪೆ ಮೇಲೆ ಮಲಗಿಸಿ ನೋಡಿ" ಎಂದೆ.

"ಸೊಸೇನ ನೆಲದ್ ಮ್ಯಾಲೆ ಮನುಗ್ಸುದ್ರು ಅಂತ ಊರು ಆಡ್ಕೊಳಾಕಿಲ್ವಾ?" ಎಂದಳು ಕೆಂಪಮ್ಮ. ಸ್ವಲ್ಪ ಹೊತ್ತು ಯೋಚಿಸಿ, ತಾನೂ ಅವಳ ಪಕ್ಕದಲ್ಲೇ ಇನ್ನೊಂದು ಚಾಪೆ ಹಾಸಿಕೊಂಡು ಮಲಗುತ್ತೇನೆ, ಆಗ ಯಾರೂ ಏನೂ ಅನ್ನುವ ಹಾಗಿಲ್ಲ ಎಂದು ತಾನೇ ತೀರ್ಪು ಕೊಟ್ಟಳು. ಸೊಂಟದ ನೋವಿನ ಹೆಂಗಸು. ಮಹೇಶನೊಬ್ಬನೇ ಆ ಹಾಸಿಗೆಯ ಮೇಲೆ ಮಹಾರಾಜನ ಹಾಗೆ ಮಲಗಿದ. ಅವನ ಮೂಗಿಗೆ ಏನೂ ಆಗಲಿಲ್ಲ. ಒಂದೇ ಧೂಳು ಒಬ್ಬರಿಗೆ ಆಗುವುದಿಲ್ಲ, ಇನ್ನೊಬ್ಬರಿಗೆ ತಿಳಿಯುವುದೇ ಇಲ್ಲ. ಇದನ್ನು ಹಳ್ಳಿಯಲ್ಲಿ ನಂಬಿಸುವುದು ಬಹಳ ಕಷ್ಟ.

ಆ ವಾರದ ಕೊನೆಗೆ ನಾನು ಹೋದಾಗ ಮಂಗಳ ನಗುತ್ತ ಕಾಫಿ ತಂದಳು. ಸೀನು ನಿಂತಿತ್ತು. ಕೆಂಪಮ್ಮ ಸೊಂಟ ಹಿಡಿದುಕೊಂಡು ಕೂತಿದ್ದಳು. "ಅಂಗಾರೆ ಇವ್ಳು ನಾಟ್ಕ ಆಡ್ಲಿಲ್ಲ ಕಣವ್ವ. ನಾನೇ ದಿನಾ ಬೆಳಿಗ್ಗೆ ಬಡ್ದು ಬಡ್ದು ಅವ್ಳ ಮೂಗಿಗಾಕ್ದೆ" ಎಂದು ಸೊಸೆಯ ತಲೆ ಸವರಿದಳು. ಡಾಕ್ಟರು ಪರೀಕ್ಷೆ ಮಾಡಿ ಬಾಯಿಗೆ ಹೊಡೆದುಕೊಳ್ಳುವ ಪಂಪ್ ಕೊಟ್ಟರು, ಹೇಗೆ ಎಳೆದುಕೊಳ್ಳಬೇಕು ಎಂದು ನಾನು ತೋರಿಸಿಕೊಟ್ಟೆ. ಅದು ಅಭ್ಯಾಸವಾಗಿಬಿಡುತ್ತದೆ ಎಂದು ಊರೆಲ್ಲ ಹೆದರಿಸಿತು. "ನೀವ್ ಎಲೆ ಅಡ್ಕೆ ಬುಟ್ಟಿದ್ದೀರಾ ಮೊದ್ಲು?" ಎಂದು ಕೆಂಪಮ್ಮ ಊರಿನ ಬಾಯಿ ಮುಚ್ಚಿಸಿದಳು.

ಉಳಿದದ್ದು ಹಾಸಿಗೆ. ಅದನ್ನು ಮನೆಯಿಂದ ಆಚೆ ಕಳಿಸಬೇಕು, ಆದರೆ ಕೊಟ್ಟವರಿಗೆ ಹೇಳದೆ ಕಳಿಸುವಂತಿಲ್ಲ. "ನೀವೇ ಏಳಿ. ನಾನ್ ಏಳುದ್ರೆ ಜಗ್ಳ ಆಯ್ತದೆ" ಎಂದು ಕೆಂಪಮ್ಮ ಜಾರಿಕೊಂಡಳು. ಒಂದು ಭಾನುವಾರ ನರಸೀಪುರಕ್ಕೆ ಹೋಗಿ, ಅಲ್ಲಿ ಬಸ್ ಬದಲಿಸಿ ಸಾಕಮ್ಮನ ಊರಿಗೆ ಹೋದೆ. ಸಾಕಮ್ಮ ಸಣ್ಣ ಆಳು, ಮಾತು ಕಡಿಮೆ. ಹಿತ್ತಲಿನ ಬೂರುಗದ ಮರದ ಕೆಳಗೆ ಕೂತು ಕಾಯಿ ಬಿಡಿಸುತ್ತಿದ್ದಳು. ಅರಳೆಯ ಎಳೆ ಅವಳ ಕೂದಲಿಗೆಲ್ಲ ಅಂಟಿತ್ತು. ನಾನು ನಿಧಾನವಾಗಿ, ಸುತ್ತಿ ಬಳಸಿ, ಅಜ್ಜಿಯ ಅರಳೆಯನ್ನೂ ಹೊಗಳಿ, ಹುಳದ ಕಥೆಯನ್ನೂ ಹೇಳಿ, ವಿಷಯಕ್ಕೆ ಬಂದೆ. ಅವಳು ಕೈಕೆಲಸ ನಿಲ್ಲಿಸಿದಳು.

"ನಾನ್ ಕೊಟ್ಟಿದ್ದೇ ನನ್ ಮಗಳ ಉಸ್ರು ಕಟ್ಟಿಸ್ತಾ?"

"ಹಾಗಲ್ಲ ಸಾಕಮ್ಮಾರೇ, ಹಳೇ ಅರಳೆ…"

"ಅಂಗೇ ಅಲ್ವಾ ನರ್ಸಮ್ಮ. ಈ ಮನೆ ತುಂಬ ಅರಳೆ. ನನ್ ಮೈ ತುಂಬ ಅರಳೆ. ಅಂಗಾರೆ ನಾನೇ ದೂಳು ಅನ್ನಿ."

ನಾನು ಎಷ್ಟು ಸಮಾಧಾನ ಮಾಡಿದರೂ ಅವಳ ಕಿವಿಗೆ ಹೋಗಲಿಲ್ಲ. ಎರಡು ದಿನ ಬಿಟ್ಟು ಅವಳೇ ಬೀಗರ ಮನೆಗೆ ಬಂದಳು. ಮೂಗಿಗೆ ಬಟ್ಟೆ ಕಟ್ಟಿಕೊಂಡು, ಮಂಗಳಾಳನ್ನು ಹತ್ತಿರ ಸೇರಿಸದೆ, ಹಿತ್ತಲಲ್ಲಿ ಹಾಸಿಗೆಯ ಹೊಲಿಗೆ ಬಿಚ್ಚಿದಳು. ಅರಳೆಯನ್ನು ಗುಂಡಿಗೆ ಹಾಕಿ ಮಣ್ಣು ಮುಚ್ಚಿದಳು. ಮೇಲಿನ ಬಟ್ಟೆಯನ್ನು ಮಾತ್ರ ಮಡಿಸಿ ಚೀಲಕ್ಕೆ ಹಾಕಿಕೊಂಡಳು. ಕೆಂಪಮ್ಮ ಕೈ ಹಿಡಿದು ಎಳೆದರೂ ಊಟಕ್ಕೆ ನಿಲ್ಲಲಿಲ್ಲ. ಬೀಗರ ಮನೆಗೆ ಬಂದು ಉಣ್ಣದೆ ಹೋದದ್ದು ಕೆಂಪಮ್ಮನಿಗೆ ಬಹಳ ದಿನ ಚುಚ್ಚುತ್ತಿತ್ತು. ಸಾಕಮ್ಮ ಆಮೇಲೆ ಯಾರಿಗೂ ಹಾಸಿಗೆ ಹೊಲಿಯಲಿಲ್ಲ ಎಂದು ಕೇಳಿ ನನಗೂ ತುಂಬಾ ಬೇಜಾರಾಯಿತು. ಮಗಳ ಮೂಗು ಸರಿಹೋಯಿತು, ತಾಯಿಯ ಕೈ ಕಟ್ಟಿಹೋಯಿತು.

ಮಂಗಳ ಬಸುರಿಯಾದಳು. ಅಷ್ಟರಲ್ಲಿ ನನಗೆ ನರಸೀಪುರದ ಕಡೆಗೆ ವರ್ಗವಾಗಿ, ಸಾಕಮ್ಮನ ಊರು ನನ್ನ ಕೆಲಸದ ವ್ಯಾಪ್ತಿಗೇ ಬಂತು. ಒಂದು ದಿನ ಕೆಂಪಮ್ಮ ಫೋನು ಮಾಡಿದಳು. ಬಸುರಿಗೆ ಏಳು ತಿಂಗಳು ತುಂಬಿದರೂ ಕರೆದೊಯ್ಯಲು ತೌರಿನವರು ಬಂದಿಲ್ಲ. ಮೊದಲ ಬಾಣಂತನ ತೌರಿನಲ್ಲೇ ಆಗಬೇಕು. ಕೇಳಿದರೆ ಸಾಕಮ್ಮ, "ನೀವೇ ಮಾಡ್ಕಳಿ, ನಿಮ್ಮನೆ ಚೊಕ್ಕಟ" ಎಂದು ಫೋನಿಟ್ಟಳಂತೆ.

"ನಾನ್ ಮಾಡ್ಬೋದು ಕಣವ್ವ, ನಂಗೇನ್ ಕಷ್ಟ" ಎಂದಳು ಕೆಂಪಮ್ಮ. "ಆದ್ರೆ ಇವ್ಳು ಮೂಲೇಲಿ ಕೂತ್ಕೊಂಡು ಅಳ್ತಾಳೆ. ನಮ್ಮವ್ವನ್ಗೆ ನಾ ಬ್ಯಾಡ್ವಾದೆ ಅಂತಾಳೆ. ನೀವೇ ಒಸಿ ಓಗಿ ನೋಡಿ."

ಹೋದೆ. ಸಾಕಮ್ಮನ ಮನೆ ನನಗೆ ಗುರುತೇ ಸಿಗಲಿಲ್ಲ. ಅಟ್ಟ ಖಾಲಿ. ಹಳೆಯ ಚಾಪೆ, ಮೂಟೆ, ಗೋಣಿಚೀಲ ಯಾವುದೂ ಇಲ್ಲ. ಗೋಡೆಗೆ ಹೊಸದಾಗಿ ಸುಣ್ಣ ಬಳಿದಿದ್ದರು. ಬೇಡವೆಂದವಳು ಮನೆಯನ್ನು ಹೀಗೆ ಯಾಕೆ ತೊಳೆದಿಟ್ಟಿದ್ದಾಳೆ? ನನಗೆ ಅರ್ಥವಾಗಲು ಹೆಚ್ಚು ಹೊತ್ತು ಬೇಕಾಗಲಿಲ್ಲ.

"ಆಸೆ ಇಲ್ವಾ ಅಂತ ಕೇಳ್ತೀರಾ ನರ್ಸಮ್ಮ?" ಎಂದಳು ಸಾಕಮ್ಮ. "ದಿನಾ ಒರ್ಸ್ತೀನಿ. ಒರ್ಸುದ್ ಮ್ಯಾಲೂ ಬಯ. ಮಗ್ಳು ಇಲ್ ಬಂದು, ಒಟ್ಟೇಲಿ ಕೂಸ್ ಮಡಿಕ್ಕೊಂಡು, ಉಸ್ರು ಕಟ್ಟಿದ್ರೆ? ಇನ್ನೊಂದ್ಸಲ ನನ್ ಕೈಯಿಂದ ಅಂಗಾಗ್ಬಾರ್ದು."

ಉಪದೇಶ ಮಾಡುವ ಮನಸ್ಸಾಗಲಿಲ್ಲ. ಅವಳ ಪಕ್ಕದಲ್ಲಿ ಕೂತು ಕೇಳಿದೆ, "ಸಾಕಮ್ಮಾರೇ, ಮಂಗಳ ಮದುವೆಗೆ ಮುಂಚೆ ಈ ಮನೇಲಿ ಸೀನುತ್ತಿದ್ದಳಾ?"

"ಇಲ್ಲ."

"ಮದುವೆ ಆದ ಮೇಲೆ ಇಲ್ಲಿಗೆ ಬಂದಾಗ?"

"ಇಲ್ಲ. ಚಂದಾಗಿ ಮನೀಕೊತಿದ್ಲು."

"ಎಲ್ಲಿ ಮಲಗ್ತಿದ್ದಳು?"

ಸಾಕಮ್ಮ ತಲೆ ತಗ್ಗಿಸಿ, "ನನ್ ಪಕ್ಕದಲ್ಲಿ" ಎಂದಳು. ಹೇಳಿದ ಮೇಲೆ ಅವಳಿಗೇ ಏನೋ ಹೊಳೆದ ಹಾಗೆ ನನ್ನ ಮುಖ ನೋಡಿದಳು.

"ಅವಳ ಮೂಗಿಗೆ ಆಗದೆ ಇದ್ದದ್ದು ಆ ಹಳೇ ಅರಳೆ. ನೀವಲ್ಲ. ನೀವು ಧೂಳಾಗಿದ್ರೆ ಅವಳು ಹುಟ್ಟಿದ ದಿನವೇ ಸೀನಬೇಕಿತ್ತು" ಎಂದೆ.

ಅವಳು ಆಮೇಲೆ ಕೇಳಿದ ಮಾತು ಇಷ್ಟೇ, "ಅಂಗಾರೆ ಬಾಣ್ತಿ ತಲೆ ಕೆಳೀಕ್ ಏನ್ ಮಡುಗ್ಲಿ? ಅರಳೆ ಆಗಾಕಿಲ್ವಲ್ಲ."

"ಪದೇಪದೇ ಒಗೆಯೋ ಹಾಗಿದ್ರೆ ಏನು ಬೇಕಾದ್ರೂ ಇಡಿ" ಎಂದೆ. ಹಾಸುವ ಹೊದೆಯುವ ಬಟ್ಟೆಗಳನ್ನು ವಾರವಾರ ಕೈ ಸುಡುವಷ್ಟು ಬಿಸಿಯಾದ ನೀರಿನಲ್ಲಿ ಅದ್ದಿ ಒಗೆದು ಚೆನ್ನಾಗಿ ಒಣಗಿಸಬೇಕು, ಕೋಣೆಗೆ ಗಾಳಿ ಬೆಳಕು ಬರಬೇಕು, ನೆಲವನ್ನು ಒದ್ದೆ ಬಟ್ಟೆಯಲ್ಲಿ ಒರೆಸಬೇಕು, ಮುಖ್ಯವಾಗಿ ಬಾಣಂತಿಯ ಕೋಣೆಗೆ ಸಾಂಬ್ರಾಣಿ ಹೊಗೆ ಹಾಕಬಾರದು, ಡಾಕ್ಟರು ಕೊಟ್ಟ ಪಂಪನ್ನು ತಾನಾಗಿ ನಿಲ್ಲಿಸಬಾರದು ಎಂದು ಹೇಳಿದೆ. ಸಾಂಬ್ರಾಣಿ ಬೇಡ ಎಂದಾಗ ಅವಳ ಮುಖದಲ್ಲಿ ಅನುಮಾನ ಕಂಡಿತು. ಹೊಗೆ ಕಾಣದ ಬಾಣಂತನವನ್ನು ಆ ಬೀದಿಯಲ್ಲಿ ಯಾರೂ ಮಾಡಿರಲಿಲ್ಲ.

ಆ ವಾರವೇ ಸಾಕಮ್ಮ ಹೋಗಿ ಮಗಳನ್ನು ಕರೆತಂದಳು. ಕೆಂಪಮ್ಮನ ಮನೆಯಲ್ಲಿ ಹೊಟ್ಟೆ ತುಂಬಾ ಉಂಡಳಂತೆ. ಅದನ್ನು ಹೇಳಲೆಂದೇ ಕೆಂಪಮ್ಮ ನನಗೆ ಫೋನು ಮಾಡಿದಳು. ಏನೇನು ಬಡಿಸಿದೆ ಎಂದೂ ಹೇಳಿದಳು.

ಹೆರಿಗೆ ತಾಲ್ಲೂಕು ಆಸ್ಪತ್ರೆಯಲ್ಲಿ ಸುಸೂತ್ರವಾಗಿ ಆಯಿತು, ಹೆಣ್ಣುಮಗು. ಮನೆಗೆ ಬಂದ ಮೇಲೆ ಬಾಣಂತಿಯನ್ನು ನೋಡಲು ನಾನು ಒಂದು ಮಧ್ಯಾಹ್ನ ಹೋದೆ. ಅದೇ ಬಸ್ಸಿನಲ್ಲಿ ಕೆಂಪಮ್ಮನೂ ಮೊಮ್ಮಗಳನ್ನು ನೋಡಲು ಬಂದಳು. ಅವಳ ಕೈಯಲ್ಲಿ ಒಂದು ಚೀಲ. ಇಬ್ಬರೂ ಹೊಸ್ತಿಲ ಹತ್ತಿರ ಹೋದೆವೋ ಇಲ್ಲವೋ, ಸಾಕಮ್ಮ ಎರಡು ಕೈಯನ್ನೂ ಬಾಗಿಲಿಗೆ ಅಡ್ಡ ಹಿಡಿದಳು.

"ಅಲ್ಲೇ ನಿಂತ್ಕಳಿ. ಬಸ್ನಲ್ಲಿ ಬಂದಿದ್ದೀರಿ, ಮೈಯೆಲ್ಲ ದೂಳು."

"ನಾನು ನರ್ಸು ಸಾಕಮ್ಮಾರೇ!"

"ನರ್ಸಾದ್ರೆ ದೂಳು ಅಂಟಾಕಿಲ್ವಾ?"

ಕೆಂಪಮ್ಮ ಬಿದ್ದು ಬಿದ್ದು ನಕ್ಕಳು. ಅವಳ ನಗು ನಿಲ್ಲುವ ಮುಂಚೆ ಸಾಕಮ್ಮ ಅವಳ ಚೀಲಕ್ಕೂ ಕೈ ಹಾಕಿ, ಒಳಗಿದ್ದ ಸಾಂಬ್ರಾಣಿ ಪೊಟ್ಟಣವನ್ನು ತೆಗೆದು ಹಿತ್ತಲ ಗೋಡೆಯ ಮೇಲಿಟ್ಟಳು. ಆಗ ನಗುವ ಸರದಿ ನನ್ನದಾಯಿತು. ಸರ್ವೀಸಿನುದ್ದಕ್ಕೂ ಕಂಡವರ ಮನೆಯ ಧೂಳಿನ ತಪ್ಪು ಹುಡುಕಿದವಳು ನಾನು. ಅವತ್ತು ಹಿತ್ತಲಿನ ಬಚ್ಚಲಲ್ಲಿ ಕೈಕಾಲು ಮುಖ ತೊಳೆದು, ಸಾಕಮ್ಮನ ಒಗೆದ ಸೀರೆಯೊಂದನ್ನು ಉಟ್ಟುಕೊಂಡು, ನನಗೆ ಗಿಡ್ಡವಾದ ಆ ಸೀರೆಯಲ್ಲಿ ಕಣಕಾಲು ಕಾಣಿಸುತ್ತ ಒಳಗೆ ಹೋದೆ. ನನ್ನ ಹಿಂದೆ ಕೆಂಪಮ್ಮ, ಅಂಥದೇ ಇನ್ನೊಂದು ಸೀರೆಯಲ್ಲಿ.

ಕೋಣೆಯ ಕಿಟಕಿ ತೆರೆದಿತ್ತು. ನೆಲ ಇನ್ನೂ ತಂಪಾಗಿತ್ತು. ಮಂಗಳ ಮಗುವಿನ ಪಕ್ಕದಲ್ಲಿ ನಿದ್ದೆ ಹೋಗಿದ್ದಳು. ಅವಳ ತಲೆಯ ಕೆಳಗೆ ಒಂದು ದಿಂಬು ಇತ್ತು. ಹತ್ತಿರ ಹೋಗಿ ನೋಡಿದರೆ, ಅವತ್ತು ಬೀಗರ ಮನೆಯಿಂದ ಮಡಿಸಿ ತಂದ ಹಾಸಿಗೆಯ ಬಟ್ಟೆಯದೇ ಚೀಲ, ಬಾಯಿಗೆ ಹೊಲಿಗೆ ಇಲ್ಲ, ಕಟ್ಟುವ ದಾರ ಮಾತ್ರ. ಒಳಗೆ ಅರಳೆಯ ಬದಲು ಸಾಕಮ್ಮನ ಹಳೆಯ ನೂಲಿನ ಸೀರೆಗಳು ಮಡಿಕೆಯ ಮೇಲೆ ಮಡಿಕೆಯಾಗಿ ಇದ್ದವು. ದಾರ ಬಿಚ್ಚಿದರೆ ಎಲ್ಲವನ್ನೂ ಬಿಸಿನೀರಿಗೆ ಹಾಕಬಹುದು. ವಾರಕ್ಕೊಂದರಂತೆ ಬದಲಿಸಲು ಅಂಥವೇ ಇನ್ನೂ ಕೆಲವು ದಿಂಬುಗಳು ಗೋಡೆಯ ಪಕ್ಕದಲ್ಲಿದ್ದವು. ಅವಳ ಕೈ ಮತ್ತೆ ಹೊಲಿಯಲು ಶುರು ಮಾಡಿತ್ತು.

ಸಾಕಮ್ಮ ಮಗಳ ತಲೆಯ ಹತ್ತಿರ ಕುಕ್ಕುರುಗಾಲಲ್ಲಿ ಕೂತು, ನಮ್ಮಿಬ್ಬರನ್ನೂ ಕೈಸನ್ನೆಯಲ್ಲಿ ಹತ್ತಿರ ಕರೆದಳು. ತುಟಿಯ ಮೇಲೆ ಬೆರಳಿಟ್ಟು, ಮಗಳ ಎದೆಯ ಕಡೆ ತೋರಿಸಿದಳು.

"ಕೇಳಿ ನರ್ಸಮ್ಮ" ಎಂದಳು ಮೆಲ್ಲಗೆ.

ನಾನು ಬಗ್ಗಿ ಕಿವಿಗೊಟ್ಟೆ. ಪಕ್ಕದಲ್ಲಿ ಕೆಂಪಮ್ಮನೂ ಸೊಂಟ ಹಿಡಿದುಕೊಂಡು ಬಗ್ಗಿದಳು. ಮಂಗಳಾಳ ಎದೆ ನಿಧಾನವಾಗಿ ಏರುತ್ತಿತ್ತು, ಇಳಿಯುತ್ತಿತ್ತು.

"ಏನೂ ಕೇಳಿಸ್ತಾ ಇಲ್ವಲ್ಲ ಸಾಕಮ್ಮಾರೇ."

"ಅದ್ನೇ ಕೇಳಿ ಅಂದಿದ್ದು" ಎಂದಳು ಸಾಕಮ್ಮ.